ಚಿತ್ರ, ವಿಡಿಯೊ ತುಂಬಿದ ಸೈಟು ಸರ್ಚ್‌ನಲ್ಲಿ ಸಿಗಬೇಕಾದರೆ: ಪದೇ ಪದೇ ಕೇಳುವ ಪ್ರಶ್ನೆಗಳು

ಫೋಟೊ ಗ್ಯಾಲರಿ, ವಿಡಿಯೊ, ಆಡಿಯೊ, ತ್ರಿಡಿ ಮಾದರಿಗಳೇ ಹೆಚ್ಚಿರುವ ಸೈಟುಗಳನ್ನು ನಡೆಸುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಇಲ್ಲಿವೆ. ಮೊದಲಿನವು ಹೊಸಬರಿಗೆ. ಕೊನೆಯವನ್ನು ಜಾರಿಗೆ ತರಲು ಸರ್ವರ್ ಸೆಟ್ಟಿಂಗ್ ಮುಟ್ಟಬಲ್ಲವರು ಬೇಕು. ವಿವರಗಳು ಹೆಚ್ಚಾಗಿ ಗೂಗಲ್‌ಗೆ ಸೇರಿದವು.

## ಮೊದಲಿಗೆ

ನಮ್ಮ ಸೈಟ್ ತುಂಬ ಚೆನ್ನಾಗಿದೆ ಅಂತ ನೋಡಿದವರೆಲ್ಲ ಹೇಳ್ತಾರೆ. ಆದರೂ ಗೂಗಲ್‌ನಲ್ಲಿ ಯಾಕೆ ಬರೋದಿಲ್ಲ?

ನೋಡಿದವರು ತೆರೆಯ ಮೇಲಿದ್ದುದನ್ನು ನೋಡಿದ್ದಾರೆ. ಗೂಗಲ್‌ಬಾಟ್ (ಪುಟಗಳನ್ನು ತರಲು ಗೂಗಲ್ ಓಡಿಸುವ ಪ್ರೋಗ್ರಾಂ) ಅದರ ಹಿಂದಿರುವ ಎಚ್‌ಟಿಎಂಎಲ್ ಕೋಡ್ ಓದುತ್ತದೆ. ಮೊದಲು ವಿಳಾಸಕ್ಕೆ ಹೋಗಿ ಕೋಡ್ ತರುತ್ತದೆ, ಆಮೇಲೆ ಕ್ರೋಮ್‌ನ ಎಂಜಿನ್‌ನಲ್ಲೇ ಜಾವಾಸ್ಕ್ರಿಪ್ಟ್ ಓಡಿಸಿ ಪುಟವನ್ನು ಕಟ್ಟುತ್ತದೆ, ಕೊನೆಗೆ ಸಿಕ್ಕಿದ್ದನ್ನು ಇಂಡೆಕ್ಸ್‌ಗೆ, ಅಂದರೆ ಸರ್ಚ್ ಹುಡುಕುವ ಪಟ್ಟಿಗೆ, ಸೇರಿಸುತ್ತದೆ. ಈ ದಾರಿಯಲ್ಲಿ ಅದು ಯಾವ ಬಟನ್ನನ್ನೂ ಒತ್ತುವುದಿಲ್ಲ, ಮನುಷ್ಯರಂತೆ ಸ್ಕ್ರೋಲ್ ಮಾಡುವುದಿಲ್ಲ, ಲಾಗಿನ್ ಆಗುವುದಿಲ್ಲ, ಕ್ಯಾಮೆರಾ ಅಥವಾ ಲೊಕೇಶನ್ ಅನುಮತಿ ಕೇಳಿದರೆ ಕೊಡುವುದಿಲ್ಲ. ಮಲ್ಟಿಮೀಡಿಯಾ ಸೈಟುಗಳಲ್ಲಿ ಮುಖ್ಯವಾದ ವಿಷಯವೆಲ್ಲ ಇರುವುದು ಇಂಥ ಒಂದು ಒತ್ತುವಿಕೆಯ ಆಚೆಗೇ.

ಐದು ನಿಮಿಷದ ಪರೀಕ್ಷೆ ಒಂದಿದೆ. ಬ್ರೌಸರಿನಲ್ಲಿ ಚಿತ್ರಗಳನ್ನೂ ಜಾವಾಸ್ಕ್ರಿಪ್ಟನ್ನೂ ಆಫ್ ಮಾಡಿ ಪುಟ ತೆರೆಯಿರಿ. ಶೀರ್ಷಿಕೆ, ಎರಡು ಪ್ಯಾರಾ, ಬೇರೆ ಪುಟಗಳ ಲಿಂಕ್‌ಗಳು ಕಂಡರೆ ತಳಪಾಯ ಸರಿಯಿದೆ. ಬರೀ ಬಿಳಿ ಪರದೆ ಕಂಡರೆ ಗೂಗಲ್ ಹೇಗೋ ಸಂಭಾಳಿಸಬಹುದು, ಆದರೆ ಎಲ್ಲ ಸರ್ಚ್ ಎಂಜಿನ್‌ಗಳೂ ಜಾವಾಸ್ಕ್ರಿಪ್ಟನ್ನು ಗೂಗಲ್‌ನಷ್ಟು ಚೆನ್ನಾಗಿ ಓಡಿಸುವುದಿಲ್ಲ.

ಈಗ ಎಐ ಬಂದಿದೆಯಲ್ಲ, ಫೋಟೊದಲ್ಲಿ ಏನಿದೆ ಅಂತ ಅದಕ್ಕೇ ಗೊತ್ತಾಗಲ್ವಾ?

ಅರ್ಧ ಗೊತ್ತಾಗುತ್ತದೆ. ಚಿತ್ರದಲ್ಲಿ ಸೇತುವೆ ಇದೆ ಎಂದು ಅದು ಗುರುತಿಸಬಲ್ಲದು. ಯಾವ ಸೇತುವೆ, ಯಾವ ವರ್ಷದ ಫೋಟೊ, ದುರಸ್ತಿಗೆ ಮೊದಲೋ ಆಮೇಲೋ, ಈ ಪುಟದಲ್ಲಿ ಅದು ಯಾಕಿದೆ ಎನ್ನುವುದು ಪಕ್ಕದ ಬರಹದಿಂದಲೇ ತಿಳಿಯಬೇಕು. ಜನ ಹುಡುಕುವುದೂ ಆ ವಿವರಗಳನ್ನೇ. ಗೂಗಲ್ ಚಿತ್ರದ ವಿಶ್ಲೇಷಣೆ, ಆಲ್ಟ್ ಬರಹ (ಚಿತ್ರದ ಬದಲಿಗೆ ಓದಲೆಂದು ಕೋಡ್‌ನಲ್ಲಿ ಇಡುವ ವಿವರಣೆ), ಅಡಿಬರಹ, ಪುಟದ ಶೀರ್ಷಿಕೆ ಎಲ್ಲವನ್ನೂ ಕೂಡಿಸಿ ನೋಡುತ್ತದೆ. ಹಾಗಾಗಿ ಚಿತ್ರಕ್ಕೆ ಸಂಬಂಧಿಸಿದ ಮಾತು ಚಿತ್ರದ ಹತ್ತಿರವೇ ಇರಲಿ, ಪುಟದ ತಳದಲ್ಲಲ್ಲ. ಪೋಸ್ಟರಿನೊಳಗೆ ದಿನಾಂಕ, ಸ್ಥಳ, ಹೆಸರು ಬರೆದು ಅದನ್ನಷ್ಟೇ ಹಾಕುವ ಅಭ್ಯಾಸವನ್ನಂತೂ ಬಿಡಿ. ಅದೇ ವಿವರ ಅಕ್ಷರವಾಗಿಯೂ ಪುಟದಲ್ಲಿರಬೇಕು.

ಆಲ್ಟ್ ಬರಹದಲ್ಲಿ ಕೀವರ್ಡ್ ಎಷ್ಟು ಸಲ ಹಾಕಬೇಕು?

ಎಣಿಸಬೇಡಿ. ಚಿತ್ರ ಕಾಣದವರಿಗೆ ಫೋನಿನಲ್ಲಿ ಒಂದು ವಾಕ್ಯದಲ್ಲಿ ಹೇಳುವುದಾದರೆ ಏನು ಹೇಳುತ್ತೀರೋ ಅದೇ ಆಲ್ಟ್. "ಸೈಕಲ್" ಎಂದರೆ ಸಾಲದು. "ಸೈಕಲ್ ರಿಪೇರಿ ಸೈಕಲ್ ಚೈನ್ ಬೆಸ್ಟ್ ಸೈಕಲ್" ಎಂದು ತುಂಬಿದರೆ ಸ್ಪ್ಯಾಮ್. "ಚೈನ್ ಟೂಲ್‌ನಿಂದ ಸೈಕಲ್ ಚೈನಿನ ಪಿನ್ ಹೊರತಳ್ಳುತ್ತಿರುವುದು" ಎಂದರೆ ತೆರೆಯ ಮೇಲಿನದನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಬಳಸುವವರಿಗೂ ಸರ್ಚ್‌ಗೂ ಅರ್ಥವಾಗುತ್ತದೆ.

ಮೂರು ವಿಷಯ ಸಾಮಾನ್ಯವಾಗಿ ತಪ್ಪುತ್ತದೆ. ಬರೀ ಅಲಂಕಾರಕ್ಕಿರುವ ಗೆರೆ, ಹೂವಿನ ಚಿತ್ರಗಳಿಗೆ ಆಲ್ಟ್ ಖಾಲಿ ಇರಬೇಕು, ಆದರೆ ಆಲ್ಟ್ ಎಂಬ ಗುಣವನ್ನೇ ಬಿಟ್ಟುಬಿಡಬಾರದು. ಬಿಟ್ಟರೆ ಕೆಲವು ಸ್ಕ್ರೀನ್ ರೀಡರ್‌ಗಳು ಫೈಲ್ ಹೆಸರನ್ನು ಓದಿ ಹೇಳುತ್ತವೆ. ಚಿತ್ರವೇ ಲಿಂಕ್ ಆಗಿದ್ದರೆ ಅದರ ಆಲ್ಟ್ ಲಿಂಕಿನ ಪದಗಳಾಗಿಯೂ ಕೆಲಸ ಮಾಡುತ್ತದೆ, ಆದ್ದರಿಂದ ಒತ್ತಿದರೆ ಎಲ್ಲಿಗೆ ಹೋಗುತ್ತೇವೆ ಎಂಬುದು ಅದರಿಂದ ತಿಳಿಯಬೇಕು. ಮತ್ತೆ, ಪುಟ ಕನ್ನಡದಲ್ಲಿದ್ದರೆ ಆಲ್ಟ್ ಕೂಡ ಕನ್ನಡದಲ್ಲೇ ಇರಲಿ.

ಹಳೆಯ ಫೋಟೊಗಳ ಫೈಲ್ ಹೆಸರೆಲ್ಲ ಬರೀ ನಂಬರು. ಎಲ್ಲವನ್ನೂ ಬದಲಾಯಿಸಲಾ?

ಬೇಡ. ಫೈಲ್ ಹೆಸರಿನ ಸುಳಿವು ಸಣ್ಣದು. ಗೂಗಲ್ ಪುಟಗಳಿಗಿಂತ ಚಿತ್ರಗಳನ್ನು ಅಪರೂಪಕ್ಕೆ ಮತ್ತೆ ಕ್ರಾಲ್ ಮಾಡುತ್ತದೆ, ಅಂದರೆ ಬಂದು ನೋಡುತ್ತದೆ. ಹೆಸರು ಬದಲಾದರೆ ವಿಳಾಸ ಬದಲಾಗುತ್ತದೆ, ಹೊಸದು ಇಮೇಜ್ ಸರ್ಚ್‌ನಲ್ಲಿ ನೆಲೆಯೂರಲು ತುಂಬ ಸಮಯ ಹಿಡಿಯುತ್ತದೆ. ಹೊಸದಾಗಿ ಹಾಕುವವಕ್ಕೆ ಮಾತ್ರ ಅರ್ಥವಿರುವ, ಪದಗಳ ನಡುವೆ ಹೈಫನ್ ಇರುವ ಹೆಸರಿಡಿ. ಸೈಟನ್ನೇ ಹೊಸ ಜಾಗಕ್ಕೆ ಸಾಗಿಸುವಾಗ ಪುಟಗಳಿಗೆ ಮಾತ್ರವಲ್ಲ, ಚಿತ್ರದ ವಿಳಾಸಗಳಿಗೂ 301 ರೀಡೈರೆಕ್ಟ್ (ಹಳೆಯ ವಿಳಾಸದಿಂದ ಹೊಸದಕ್ಕೆ ಶಾಶ್ವತವಾಗಿ ಕಳಿಸುವ ಸೂಚನೆ) ಕೊಡಿ. ಇದನ್ನು ಮರೆಯುವವರೇ ಹೆಚ್ಚು.

## ಚಿತ್ರಗಳು

ಪುಟದ ಮೇಲಿರುವ ದೊಡ್ಡ ಚಿತ್ರವೇ ಇಮೇಜ್ ಸರ್ಚ್‌ನಲ್ಲಿಲ್ಲ, ಕೆಳಗಿನ ಸಣ್ಣವೆಲ್ಲ ಇವೆ. ಏನಿದು?

ಆ ದೊಡ್ಡ ಚಿತ್ರ ಬಹುಶಃ ಸಿಎಸ್‌ಎಸ್ (ಪುಟದ ನೋಟ ಹೇಳುವ ಕೋಡ್) ಬ್ಯಾಕ್‌ಗ್ರೌಂಡ್ ಆಗಿ ಕೂತಿದೆ. ಬ್ಯಾಕ್‌ಗ್ರೌಂಡ್ ಚಿತ್ರಗಳನ್ನು ಗೂಗಲ್ ಇಮೇಜ್ ಸರ್ಚ್‌ಗೆ ಸೇರಿಸುವುದಿಲ್ಲ. ಎಷ್ಟೋ ಥೀಮ್‌ಗಳು, ಸ್ಲೈಡರ್ ಪ್ಲಗಿನ್‌ಗಳು ಹೀಗೇ ಮಾಡುತ್ತವೆ. ಮೌಸ್‌ನ ಬಲಗುಂಡಿ ಒತ್ತಿ ಇನ್‌ಸ್ಪೆಕ್ಟ್ ಮಾಡಿ ನೋಡಿ. ಇಮೇಜ್ ಟ್ಯಾಗ್ ಇಲ್ಲದೆ ಬರೀ ಡಿವ್ ಇದ್ದರೆ ಅನುಮಾನವೇ ಬೇಡ.

ಪರಿಹಾರ ಸುಲಭ: ನಿಜವಾದ ಇಮೇಜ್ ಟ್ಯಾಗ್ ಹಾಕಿ, ಸಿಎಸ್‌ಎಸ್‌ನ ಆಬ್ಜೆಕ್ಟ್-ಫಿಟ್‌ಗೆ ಕವರ್ ಕೊಟ್ಟರೆ ನೋಟ ಹಾಗೇ ಉಳಿಯುತ್ತದೆ. ಪಿಕ್ಚರ್ ಟ್ಯಾಗ್ ಅಥವಾ ಸೋರ್ಸ್‌ಸೆಟ್ ಬಳಸುವವರು ಒಳಗಿನ ಇಮೇಜ್ ಟ್ಯಾಗ್‌ನ ಸೋರ್ಸ್‌ನಲ್ಲಿ ಒಂದು ಸಾಮಾನ್ಯ ವಿಳಾಸ ಕೊಡುವುದನ್ನು ಬಿಡಬಾರದು. ಸೋರ್ಸ್‌ಸೆಟ್ ಅರ್ಥವಾಗದ ಕ್ರಾಲರ್‌ಗಳು ಅದನ್ನೇ ಹಿಡಿಯುತ್ತವೆ.

ಲೇಜಿ ಲೋಡಿಂಗ್ ಹಾಕಿದ ಮೇಲೆ ಅರ್ಧ ಚಿತ್ರಗಳು ಮಾಯವಾದವು. ತೆಗೆದುಬಿಡಲಾ?

ಲೇಜಿ ಲೋಡಿಂಗ್ (ಬೇಕಾದಾಗ ಮಾತ್ರ ಚಿತ್ರ ತರುವುದು) ಇರಲಿ, ಅದನ್ನು ಮಾಡುವ ರೀತಿ ಬದಲಾಗಲಿ. ಹಳೆಯ ಸ್ಕ್ರಿಪ್ಟ್‌ಗಳು ನಿಜವಾದ ವಿಳಾಸವನ್ನು ಡೇಟಾ-ಸೋರ್ಸ್‌ನಂಥ ಕಡೆ ಬಚ್ಚಿಟ್ಟು, ಓದುಗರು ಸ್ಕ್ರೋಲ್ ಮಾಡಿದಾಗ ಹೊರತೆಗೆಯುತ್ತವೆ. ಗೂಗಲ್‌ಬಾಟ್ ಸ್ಕ್ರೋಲ್ ಮಾಡುವುದಿಲ್ಲ, ಬದಲಿಗೆ ಬಹಳ ಎತ್ತರದ ಪರದೆಯಲ್ಲಿ ಪುಟವನ್ನು ತೆರೆಯುತ್ತದೆ. ಸ್ಕ್ರೋಲ್ ಆದದ್ದನ್ನು ಕಾಯುವ ಸ್ಕ್ರಿಪ್ಟ್ ಅದರ ಮುಂದೆ ಕಾಯುತ್ತಲೇ ಉಳಿಯುತ್ತದೆ.

ಬ್ರೌಸರಿನದೇ ಆದ ಲೋಡಿಂಗ್ ಗುಣಕ್ಕೆ ಲೇಜಿ ಎಂದು ಕೊಟ್ಟರೆ ವಿಳಾಸ ಇಮೇಜ್ ಟ್ಯಾಗ್‌ನಲ್ಲೇ ಇರುತ್ತದೆ, ಯಾವ ತೊಂದರೆಯೂ ಇಲ್ಲ. ಸ್ಕ್ರಿಪ್ಟ್ ಬೇಕೇಬೇಕೆಂದರೆ ಇಂಟರ್‌ಸೆಕ್ಷನ್ ಅಬ್ಸರ್ವರ್ ಬಳಸುವಂಥದ್ದನ್ನು ಆರಿಸಿ. ಪುಟ ತೆರೆದ ಕೂಡಲೇ ಕಾಣುವ ಮೊದಲ ಚಿತ್ರಕ್ಕೆ ಮಾತ್ರ ಲೇಜಿ ಹಾಕಬೇಡಿ, ಅದರಿಂದ ಪುಟ ನಿಧಾನವಾಗುತ್ತದೆ.

ವೆಬ್‌ಪಿ, ಎವಿಐಎಫ್‌ಗೆ ಬದಲಾಯಿಸಿದರೆ ರ‍್ಯಾಂಕ್ ಏರುತ್ತಾ?

ಫಾರ್ಮ್ಯಾಟ್‌ಗೆ ಅಂಕವಿಲ್ಲ. ಜೆಪೆಗ್, ಪಿಎನ್‌ಜಿ, ಗಿಫ್, ಎಸ್‌ವಿಜಿ, ಬಿಎಂಪಿ, ವೆಬ್‌ಪಿ, ಎವಿಐಎಫ್ ಎಲ್ಲವನ್ನೂ ಗೂಗಲ್ ಇಂಡೆಕ್ಸ್ ಮಾಡುತ್ತದೆ. ಲಾಭ ಬರುವುದು ತೂಕ ಇಳಿಯುವುದರಿಂದ. ಗೂಗಲ್‌ನ ಸ್ವಂತ ಅಳತೆಯ ಪ್ರಕಾರ ವೆಬ್‌ಪಿ ಅದೇ ಗುಣಮಟ್ಟದ ಜೆಪೆಗ್‌ಗಿಂತ ಶೇಕಡಾ 25ರಿಂದ 34ರಷ್ಟು ಚಿಕ್ಕದು. ಆದರೆ 400 ಪಿಕ್ಸೆಲ್ ಅಗಲದ ಜಾಗದಲ್ಲಿ 4000 ಪಿಕ್ಸೆಲ್ ಚಿತ್ರ ಹಾಕಿದ್ದರೆ ಫಾರ್ಮ್ಯಾಟ್ ಬದಲಿಸುವ ಮೊದಲು ಅಳತೆ ಕತ್ತರಿಸಿ, ಉಳಿತಾಯದ ಬಹುಪಾಲು ಅಲ್ಲೇ ಇದೆ. ಕುಣಿಯುವ ಗಿಫ್‌ಗಳನ್ನು ಶಬ್ದವಿಲ್ಲದ ಎಂಪಿ4 ಮಾಡಿ. ಎಸ್‌ವಿಜಿ ಕೋಡನ್ನು ಪುಟದೊಳಗೇ ಅಂಟಿಸಿದರೆ ಅದಕ್ಕೆ ಸ್ವಂತ ವಿಳಾಸ ಇರುವುದಿಲ್ಲ. ಸರ್ಚ್‌ನಲ್ಲಿ ಬರಬೇಕಾದ ನಕ್ಷೆ, ರೇಖಾಚಿತ್ರಗಳನ್ನು ಪ್ರತ್ಯೇಕ ಫೈಲ್ ಆಗಿ ಇಡಿ.

ಹುಡುಕದೆಯೇ ಲೇಖನಗಳನ್ನು ತೋರಿಸುವ ಗೂಗಲ್ ಡಿಸ್ಕವರ್‌ನಲ್ಲಿ ದೊಡ್ಡ ಚಿತ್ರ ಕಾಣಬೇಕೆಂದರೆ ಕನಿಷ್ಠ 1200 ಪಿಕ್ಸೆಲ್ ಅಗಲ ಬೇಕು, ಬಾಟ್‌ಗಳಿಗೆ ಸೂಚನೆ ಕೊಡುವ ರೋಬೋಟ್ಸ್ ಮೆಟಾ ಟ್ಯಾಗ್‌ನಲ್ಲಿ ಮ್ಯಾಕ್ಸ್-ಇಮೇಜ್-ಪ್ರಿವ್ಯೂ ಲಾರ್ಜ್ ಎಂದಿರಬೇಕು.

ಸೈಟ್‌ಮ್ಯಾಪ್‌ನಲ್ಲಿ ಚಿತ್ರಗಳನ್ನೂ ಸೇರಿಸಬೇಕಾ?

ಸೈಟ್‌ಮ್ಯಾಪ್ ಎಂದರೆ ಸೈಟಿನ ವಿಳಾಸಗಳನ್ನು ಸರ್ಚ್ ಎಂಜಿನ್‌ಗೆ ಹೇಳುವ ಪಟ್ಟಿ. ಜಾವಾಸ್ಕ್ರಿಪ್ಟ್ ಗ್ಯಾಲರಿ ಇದ್ದರೆ ಸೇರಿಸಿ, ಇಲ್ಲದಿದ್ದರೆ ಅವಸರವಿಲ್ಲ. ಒಂದು ಪುಟದ ಕೆಳಗೆ 1000 ಚಿತ್ರಗಳವರೆಗೆ ಹೆಸರಿಸಬಹುದು. ಒಂದು ಸೈಟ್‌ಮ್ಯಾಪ್ ಫೈಲಿನ ಮಿತಿ 50,000 ವಿಳಾಸ ಅಥವಾ ಕುಗ್ಗಿಸದ ಸ್ಥಿತಿಯಲ್ಲಿ 50 ಎಂಬಿ. ಚಿತ್ರದ ಶೀರ್ಷಿಕೆ, ಅಡಿಬರಹ, ಸ್ಥಳ, ಪರವಾನಗಿ ಹೇಳುತ್ತಿದ್ದ ಟ್ಯಾಗ್‌ಗಳನ್ನು ಗೂಗಲ್ 2022ರಲ್ಲೇ ಕೈಬಿಟ್ಟಿದೆ. ಹಳೆಯ ಪ್ಲಗಿನ್ ಅವನ್ನು ಇನ್ನೂ ಬರೆಯುತ್ತಿದ್ದರೆ ಹಾನಿಯಿಲ್ಲ, ಉಪಯೋಗವೂ ಇಲ್ಲ.

## ವಿಡಿಯೊ ಮತ್ತು ಆಡಿಯೊ

ಪುಟದಲ್ಲಿ ವಿಡಿಯೊ ಇದೆ, ಓಡುತ್ತೆ ಕೂಡ. ಆದರೂ ಸರ್ಚ್ ಕನ್ಸೋಲ್ ಅದನ್ನು ಇಂಡೆಕ್ಸ್ ಮಾಡಿಲ್ಲ ಅನ್ನುತ್ತೆ.

ಸರ್ಚ್ ಕನ್ಸೋಲ್ ಎಂದರೆ ಸೈಟು ನಡೆಸುವವರಿಗೆ ಗೂಗಲ್ ಕೊಡುವ ವರದಿಗಳ ಸಲಕರಣೆ. 2023ರ ಕೊನೆಯಿಂದ ಗೂಗಲ್‌ನ ನಿಲುವು ಬಿಗಿಯಾಗಿದೆ. ವಿಡಿಯೊ ನೋಡುವುದೇ ಪುಟದ ಮುಖ್ಯ ಉದ್ದೇಶವಾಗಿದ್ದರೆ ಮಾತ್ರ ಅದು ವಿಡಿಯೊ ಫಲಿತಾಂಶಗಳಲ್ಲಿ ಬರುತ್ತದೆ. ಲೇಖನದ ನಡುವೆ ಪೂರಕವಾಗಿ ಇಟ್ಟ ವಿಡಿಯೊ, ಹತ್ತು ವಿಡಿಯೊಗಳನ್ನು ಒಂದೇ ಪುಟದಲ್ಲಿ ಜೋಡಿಸಿದ ಗ್ಯಾಲರಿ, ಉತ್ಪನ್ನದ ಪುಟದ ಮೂಲೆಯ ಕಿರುಚಿತ್ರ ಈ ಲೆಕ್ಕಕ್ಕೆ ಬರುವುದಿಲ್ಲ. ಅಂಥ ಪುಟ ಸಾಮಾನ್ಯ ಫಲಿತಾಂಶದಲ್ಲಿ ಮೊದಲಿನಂತೆಯೇ ಬರಬಹುದು.

ಹಾಗಾಗಿ ಮುಖ್ಯವಾದ ಪ್ರತಿ ವಿಡಿಯೊಗೂ ಒಂದು ಸ್ವಂತ ಪುಟ ಮಾಡಿ. ಪ್ಲೇಯರ್ ಮೇಲ್ಭಾಗದಲ್ಲಿ, ದೊಡ್ಡದಾಗಿ, ಬೇರಾವುದರಿಂದಲೂ ಮುಚ್ಚಿಹೋಗದೆ ಇರಲಿ. ಆ ವಿಡಿಯೊದ್ದೇ ಶೀರ್ಷಿಕೆ, ಆ ವಿಡಿಯೊದ್ದೇ ವಿವರಣೆ ಬರೆಯಿರಿ. ಎಲ್ಲ ಪುಟಗಳಿಗೂ ಒಂದೇ ವಿವರಣೆ ಅಂಟಿಸಿದರೆ ಮಾಡಿದ ಕೆಲಸ ವ್ಯರ್ಥ. ಗ್ಯಾಲರಿ ಪುಟವನ್ನು ಅಳಿಸಬೇಕಿಲ್ಲ, ಅಲ್ಲಿಂದ ಈ ಪುಟಗಳಿಗೆ ಲಿಂಕ್ ಕೊಡಿ.

ಯೂಟ್ಯೂಬ್‌ಗೆ ಹಾಕಿ ಎಂಬೆಡ್ ಮಾಡೋದು ಒಳ್ಳೇದೋ, ನಮ್ಮ ಸರ್ವರ್‌ನಲ್ಲೇ ಇಡೋದೋ?

ಜನ ವಿಡಿಯೊ ನೋಡಿದರೆ ಸಾಕು ಎನ್ನುವವರಿಗೆ ಯೂಟ್ಯೂಬ್. ಜನ ನಮ್ಮ ಸೈಟಿಗೇ ಬರಬೇಕು ಎನ್ನುವವರಿಗೆ ಸ್ವಂತ ಸರ್ವರ್ ಅಥವಾ ವಿಡಿಯೊ ಹೋಸ್ಟಿಂಗ್ ಸೇವೆ. ಎಂಬೆಡ್ ಮಾಡಿದಾಗ, ಅಂದರೆ ಯೂಟ್ಯೂಬ್ ಪ್ಲೇಯರನ್ನು ನಿಮ್ಮ ಪುಟದೊಳಗೆ ಇಟ್ಟಾಗ, ಗೂಗಲ್ ನಿಮ್ಮ ಪುಟವನ್ನೂ ಯೂಟ್ಯೂಬ್ ಪುಟವನ್ನೂ ಇಂಡೆಕ್ಸ್ ಮಾಡಬಹುದು, ಆದರೆ ಎರಡೂ ಪೈಪೋಟಿಗಿಳಿದರೆ ಯೂಟ್ಯೂಬ್ ಮುಂದೆ ನಿಲ್ಲುವ ಸಂಭವವೇ ಹೆಚ್ಚು. ನಮ್ಮ ಸಲಹೆ: ಪರಿಚಯದ ಕಿರು ತುಣುಕು ಯೂಟ್ಯೂಬ್‌ನಲ್ಲಿ, ಪೂರ್ಣ ವಿಡಿಯೊ ನಿಮ್ಮ ಪುಟದಲ್ಲಿ. ಬ್ಯಾಂಡ್‌ವಿಡ್ತ್ ಖರ್ಚು ಹೊರಲಾಗದಿದ್ದರೆ ಎಂಬೆಡ್ ಮಾಡಿ, ಪಕ್ಕದಲ್ಲಿ ಯೂಟ್ಯೂಬ್‌ನಲ್ಲಿಲ್ಲದ ಬರಹ ಕೊಡಿ: ಹಂತಗಳು, ಅಳತೆಗಳು, ಮಾತಿನ ಪೂರ್ಣ ಲಿಖಿತ ರೂಪ.

ವಿಡಿಯೊಆಬ್ಜೆಕ್ಟ್ ಸ್ಕೀಮಾದಲ್ಲಿ ಯಾವುದು ಕಡ್ಡಾಯ?

ಸ್ಕೀಮಾ ಎಂದರೆ ವಿವರಗಳನ್ನು ಯಂತ್ರಕ್ಕೆ ತಿಳಿಯುವಂತೆ ಹೇಳುವ ಕೋಡ್. ಇದರಲ್ಲಿ ಕಡ್ಡಾಯ: ಹೆಸರು, ಥಂಬ್‌ನೇಲ್ (ವಿಡಿಯೊದ ಕಿರುಚಿತ್ರ) ವಿಳಾಸ, ಅಪ್‌ಲೋಡ್ ದಿನಾಂಕ, ಈ ಮೂರು. ದಿನಾಂಕದ ಜೊತೆ ಸಮಯವಲಯವನ್ನೂ ಬರೆಯಿರಿ. ಇಲ್ಲದಿದ್ದರೆ ಗೂಗಲ್ ತನ್ನ ಬಾಟ್‌ನ ಸಮಯವಲಯ ಹಿಡಿದುಕೊಳ್ಳುತ್ತದೆ, ದಿನಾಂಕ ಒಂದು ದಿನ ಆಚೀಚೆ ಆಗಬಹುದು. ವಿವರಣೆ, ಅವಧಿ, ಕಂಟೆಂಟ್ ವಿಳಾಸ ಅಥವಾ ಎಂಬೆಡ್ ವಿಳಾಸ ಕಡ್ಡಾಯವಲ್ಲ, ಆದರೂ ಬಿಡಬೇಡಿ. ಕಂಟೆಂಟ್ ವಿಳಾಸವೆಂದರೆ ವಿಡಿಯೊ ಫೈಲಿನದು, ಅದು ಇರುವ ಪುಟದ್ದಲ್ಲ. ಇವೆರಡನ್ನು ಅದಲುಬದಲು ಮಾಡುವುದೇ ಎಲ್ಲಕ್ಕಿಂತ ಸಾಮಾನ್ಯ ತಪ್ಪು. ಅವಧಿಯನ್ನು ಐಎಸ್ಒ 8601 ರೀತಿಯಲ್ಲಿ ಬರೆಯಬೇಕು: ನಾಲ್ಕು ನಿಮಿಷ ಮೂವತ್ತು ಸೆಕೆಂಡಿಗೆ ಪಿಟಿ4ಎಂ30ಎಸ್ ಅಕ್ಷರಗಳು.

ಥಂಬ್‌ನೇಲ್ ಕನಿಷ್ಠ 60ಕ್ಕೆ 30 ಪಿಕ್ಸೆಲ್ ಇರಬೇಕೆಂಬುದು ನಿಯಮ. ದೊಡ್ಡದಿದ್ದಷ್ಟೂ ಒಳ್ಳೆಯದು. ಅದರ ವಿಳಾಸ ಸ್ಥಿರವಾಗಿರಬೇಕು, ಸ್ಕೀಮಾದಲ್ಲೂ ವಿಡಿಯೊ ಸೈಟ್‌ಮ್ಯಾಪ್‌ನಲ್ಲೂ ಒಂದೇ ಆಗಿರಬೇಕು.

ವಿಡಿಯೊದ ಒಳಭಾಗಗಳು ಸರ್ಚ್‌ನಲ್ಲಿ ಪ್ರಮುಖ ಕ್ಷಣಗಳಾಗಿ ಕಾಣಬೇಕಾದರೆ ಕ್ಲಿಪ್ ಸ್ಕೀಮಾ ಬೇಕು. ಪ್ರತಿ ಭಾಗದ ಹೆಸರು, ಅದು ಶುರುವಾಗುವ ಸೆಕೆಂಡು, ಆ ಸೆಕೆಂಡಿಗೇ ನೇರ ಒಯ್ಯುವ ವಿಳಾಸ ಕೊಡಬೇಕು. ವಿಡಿಯೊ ಕನಿಷ್ಠ 30 ಸೆಕೆಂಡಿನದಾಗಿರಬೇಕು. ಯೂಟ್ಯೂಬ್ ವಿಡಿಯೊಗಳಿಗೆ ಇಷ್ಟೆಲ್ಲ ಬೇಡ, ಅಲ್ಲಿನ ವಿವರಣೆಯಲ್ಲಿ ಸಮಯ ಮತ್ತು ಶೀರ್ಷಿಕೆ ಬರೆದರೆ ಸಾಕು.

ವೇಗಕ್ಕೋಸ್ಕರ ಮೊದಲು ಬರೀ ಚಿತ್ರ ತೋರಿಸಿ, ಒತ್ತಿದ ಮೇಲೆ ಪ್ಲೇಯರ್ ತರ್ತೀವಿ. ಇದು ಸರೀನಾ?

ವೇಗಕ್ಕೆ ಸರಿ, ವಿಡಿಯೊ ಸರ್ಚ್‌ಗೆ ಅಪಾಯ. ಬಾಟ್ ಒತ್ತುವುದಿಲ್ಲ, ಹಾಗಾಗಿ ಅದರ ಮಟ್ಟಿಗೆ ಪುಟದಲ್ಲಿ ವಿಡಿಯೊವೇ ಇಲ್ಲ. ವಿಡಿಯೊಗೆಂದೇ ಮಾಡಿದ ಪುಟಗಳಲ್ಲಿ ಪ್ಲೇಯರನ್ನು ನೇರವಾಗಿ ಹಾಕಿ, ಲೇಖನಗಳಲ್ಲಿ ಪೂರಕವಾಗಿ ಬರುವ ಕಡೆ ಮಾತ್ರ ಈ ಉಪಾಯ ಬಳಸಿ. ಆ ಲೇಖನಗಳು ಹೇಗೂ ವಿಡಿಯೊ ಫಲಿತಾಂಶಕ್ಕೆ ಅರ್ಹವಲ್ಲ, ಕಳೆದುಕೊಳ್ಳುವುದು ಏನೂ ಇಲ್ಲ.

ಪಾಡ್‌ಕಾಸ್ಟ್, ಆಡಿಯೊ ಸಂದರ್ಶನಗಳಿಗೆ ಏನು ಮಾಡಬೇಕು?

ಲಿಖಿತ ರೂಪ ಕೊಡಬೇಕು. ಪ್ರತಿ ಕಂತಿಗೂ ಬೇರೆ ಪುಟ, ಪುಟದ ಎಚ್‌ಟಿಎಂಎಲ್‌ನಲ್ಲೇ ಪೂರ್ಣ ಮಾತು, ನಡುನಡುವೆ ವಿಷಯದ ಉಪಶೀರ್ಷಿಕೆ. ಯಂತ್ರ ಬರೆದುಕೊಟ್ಟದ್ದನ್ನು ಒಮ್ಮೆ ತಿದ್ದದೆ ಹಾಕಬೇಡಿ. ಅದು ತಪ್ಪುವುದು ವ್ಯಕ್ತಿ ಮತ್ತು ಊರಿನ ಹೆಸರುಗಳಲ್ಲಿ, ಜನ ಹುಡುಕುವುದೂ ಆ ಹೆಸರುಗಳನ್ನೇ. ಲಿಖಿತ ರೂಪವನ್ನು ಪಿಡಿಎಫ್ ಮಾಡಿ ಡೌನ್‌ಲೋಡ್‌ಗೆ ಬಿಟ್ಟರೆ ಇಂಡೆಕ್ಸ್ ಆಗಬಹುದು, ಆದರೆ ಹುಡುಕಿ ಬಂದವರು ಪಿಡಿಎಫ್‌ಗೆ ಇಳಿಯುತ್ತಾರೆ, ಪ್ಲೇಯರ್ ಇರುವ ಪುಟಕ್ಕಲ್ಲ.

## ವೇಗ ಮತ್ತು ಮೊಬೈಲ್

ಸ್ಪೀಡ್ ಟೆಸ್ಟ್‌ನಲ್ಲಿ ಎಲ್ಲ ಕೆಂಪು ಬರ್ತಿದೆ. ಚಿತ್ರಗಳನ್ನೇ ಕಡಿಮೆ ಮಾಡಬೇಕಾ?

ಮೊದಲು ಯಾವುದು ಕೆಂಪು ಎಂದು ನೋಡಿ. ಪುಟದ ಅತಿ ದೊಡ್ಡ ಅಂಶ 2.5 ಸೆಕೆಂಡಿನೊಳಗೆ ಕಾಣಬೇಕು, ಒತ್ತಿದ್ದಕ್ಕೆ ಪುಟ 200 ಮಿಲಿಸೆಕೆಂಡಿನೊಳಗೆ ಸ್ಪಂದಿಸಬೇಕು, ಪುಟ ಜಿಗಿದಾಡುವ ಅಳತೆ 0.1 ಮೀರಬಾರದು. ನೂರು ಭೇಟಿಗಳಲ್ಲಿ 75 ಈ ಮಟ್ಟದಲ್ಲಿದ್ದರೆ ಪುಟ ಪಾಸು.

ದೊಡ್ಡ ಅಂಶ ತಡವಾದರೆ ಆ ಒಂದು ಚಿತ್ರದ ತೂಕ ಇಳಿಸಿ, ಅದರ ಫೆಚ್‌ಪ್ರಯಾರಿಟಿಗೆ ಹೈ ಕೊಡಿ, ಅದರ ವಿಳಾಸ ಜಾವಾಸ್ಕ್ರಿಪ್ಟ್‌ನಿಂದ ಬರದೆ ಎಚ್‌ಟಿಎಂಎಲ್‌ನಲ್ಲೇ ಇರಲಿ. ಸ್ಪಂದನೆ ತಡವಾದರೆ ಚಿತ್ರಗಳದ್ದಲ್ಲ, ಸ್ಲೈಡರ್, ಪ್ಲೇಯರ್, ಜಾಹೀರಾತು ಸ್ಕ್ರಿಪ್ಟ್‌ಗಳ ತಪ್ಪು. ಪುಟ ಜಿಗಿದರೆ ಪ್ರತಿ ಚಿತ್ರ, ವಿಡಿಯೊ, ಐಫ್ರೇಮ್‌ಗೂ ಅಗಲ ಮತ್ತು ಎತ್ತರ ಬರೆಯಿರಿ. ಬ್ರೌಸರ್ ಮೊದಲೇ ಜಾಗ ಬಿಟ್ಟುಕೊಳ್ಳುತ್ತದೆ. ಹಾಗೆಯೇ, ವೇಗ ರ‍್ಯಾಂಕಿಂಗಿನ ಒಂದು ಸಣ್ಣ ಭಾಗ ಮಾತ್ರ. ನೂರಕ್ಕೆ ನೂರು ಗಳಿಸಲು ವಾರಗಟ್ಟಲೆ ಕೂರುವುದಕ್ಕಿಂತ ಆ ಸಮಯದಲ್ಲಿ ಅಡಿಬರಹಗಳನ್ನು ಬರೆಯುವುದು ಲಾಭ.

ಮೊಬೈಲ್‌ನಲ್ಲಿ ಹಗುರ ಇರಲಿ ಅಂತ ಕೆಲವು ಚಿತ್ರ, ವಿಡಿಯೊ ತೆಗೆದಿದ್ದೇವೆ. ತೊಂದರೆಯಾ?

ಹೌದು. ಗೂಗಲ್ ಇಂಡೆಕ್ಸ್ ಮಾಡುವುದೇ ಮೊಬೈಲ್ ರೂಪವನ್ನು. ಅಲ್ಲಿ ಇಲ್ಲದ್ದು ಗೂಗಲ್ ಪಾಲಿಗೆ ಎಲ್ಲೂ ಇಲ್ಲ. ಚಿಕ್ಕ ಅಳತೆಯ ಚಿತ್ರ ಕೊಡಿ, ಆದರೆ ಚಿತ್ರ, ಆಲ್ಟ್, ಸ್ಕೀಮಾ ಎರಡು ಕಡೆಯೂ ಇರಲಿ.

## ಪರಿಣತರಿಗೆ

ಗ್ಯಾಲರಿಯಲ್ಲಿ ಪ್ರತಿ ಫೋಟೊಗೂ ಹ್ಯಾಶ್ ಇರುವ ಲಿಂಕ್ ಇದೆ. ಅವು ಯಾಕೆ ಬೇರೆ ಬೇರೆ ಪುಟ ಅಂತ ಸೇರಿಲ್ಲ?

ಹ್ಯಾಶ್ ಗುರುತಿನ ಆಚೆಗಿನದನ್ನು ಗೂಗಲ್ ಪ್ರತ್ಯೇಕ ವಿಳಾಸವೆಂದು ಪರಿಗಣಿಸುವುದಿಲ್ಲ. ಹಿಸ್ಟರಿ ಎಪಿಐ ಬಳಸಿ ನಿಜವಾದ ವಿಳಾಸ ಕೊಡಿ, ಆ ವಿಳಾಸವನ್ನು ನೇರವಾಗಿ ತೆರೆದರೂ ಅದೇ ಫೋಟೊ ಬರುವಂತೆ ಸರ್ವರ್ ಉತ್ತರಿಸಲಿ. ಆನ್‌ಕ್ಲಿಕ್ ಸಾಲದು, ಎಚ್‌ರೆಫ್ ಇರುವ ಆ್ಯಂಕರ್ ಟ್ಯಾಗ್ ಬೇಕು. ಕೊನೆಯಿಲ್ಲದ ಸ್ಕ್ರೋಲ್ ಇದ್ದರೆ ಅದರ ಅಡಿಯಲ್ಲಿ ಪುಟ 2, ಪುಟ 3 ಎಂಬ ಸಾಮಾನ್ಯ ವಿಳಾಸಗಳೂ ಇರಲಿ. ಇಲ್ಲದ ಫೋಟೊಗೆ 200 ಸ್ಥಿತಿ ಕಳಿಸದೆ 404 ಕಳಿಸಿ. ಸಿಂಗಲ್ ಪೇಜ್ ಆ್ಯಪ್‌ಗಳು ಹೆಚ್ಚಾಗಿ ಎಡವುವುದು ಇಲ್ಲೇ.

ನಮ್ಮದು ಪೂರ್ತಿ ತ್ರಿಡಿ, ಕ್ಯಾನ್ವಾಸ್‌ನಲ್ಲೇ ಅಕ್ಷರ ಕೂಡ ಬಿಡಿಸುತ್ತೇವೆ. ಇದಕ್ಕೇನಾದರೂ ದಾರಿ ಇದೆಯಾ?

ಕ್ಯಾನ್ವಾಸ್ ಒಳಗಿನ ಅಕ್ಷರ ಬರೀ ಪಿಕ್ಸೆಲ್, ಎಚ್‌ಟಿಎಂಎಲ್ ಬರಹವಲ್ಲ. ದೃಶ್ಯದ ಮೇಲೆ ಅಥವಾ ಕೆಳಗೆ ನಿಜವಾದ ಎಚ್‌ಟಿಎಂಎಲ್ ಬರಹ ಇಡಿ. ಪ್ರತಿ ದೃಶ್ಯಕ್ಕೂ ಒಂದು ವಿಳಾಸ, ಅದರಲ್ಲಿ ಒಂದು ಸ್ಥಿರಚಿತ್ರ, ವಿವರಣೆ ಇರಲಿ. ಓದುಗರಿಗೆ ಕಾಣದಂತೆ ಬಚ್ಚಿಟ್ಟು ಬಾಟ್‌ಗೆ ಮಾತ್ರ ಪದಗಳನ್ನು ತುಂಬುವ ಉಪಾಯ ಗೂಗಲ್‌ನ ಸ್ಪ್ಯಾಮ್ ನಿಯಮಕ್ಕೆ ವಿರುದ್ಧ.

ಸಿಡಿಎನ್‌ಗೆ ಸಾಗಿಸಿದ ಮೇಲೆ ಚಿತ್ರಗಳೂ ವಿಡಿಯೊಗಳೂ ಇಂಡೆಕ್ಸ್‌ನಿಂದ ಉದುರುತ್ತಿವೆ. ಎಲ್ಲಿ ಹುಡುಕೋದು?

ಸಿಡಿಎನ್ ಎಂದರೆ ಫೈಲುಗಳನ್ನು ಹಲವು ಕಡೆಯ ಸರ್ವರ್‌ಗಳಿಂದ ಕಳಿಸುವ ಸೇವೆ. ಈ ಅನುಕ್ರಮದಲ್ಲಿ ನೋಡಿ. ಮೊದಲು ಸಿಡಿಎನ್ ಡೊಮೇನಿನ ರೋಬೋಟ್ಸ್ ಫೈಲು, ಅಂದರೆ ಬಾಟ್‌ಗಳು ಎಲ್ಲಿಗೆ ಬರಬಹುದೆಂದು ಹೇಳುವ ಫೈಲು. ಪ್ರತಿ ಡೊಮೇನಿಗೂ ಅದು ಬೇರೆ, ಮುಖ್ಯ ಸೈಟಿನದು ಇಲ್ಲಿ ಅನ್ವಯಿಸುವುದಿಲ್ಲ. ಆಮೇಲೆ ಹಾಟ್‌ಲಿಂಕ್ ತಡೆ, ಅಂದರೆ ಬೇರೆ ಸೈಟುಗಳು ನಿಮ್ಮ ಫೈಲನ್ನು ನೇರವಾಗಿ ಬಳಸದಂತೆ ತಡೆಯುವ ನಿಯಮ. ರೆಫರರ್ (ಕೋರಿಕೆ ಯಾವ ಪುಟದಿಂದ ಬಂತು ಎಂಬ ಗುರುತು) ಇಲ್ಲದ ಕೋರಿಕೆಗಳನ್ನೆಲ್ಲ ತಿರಸ್ಕರಿಸುವ ನಿಯಮವಿದ್ದರೆ ಬಾಟ್ ಕೂಡ ಹೊರಗೆ. ರೆಫರರ್ ಖಾಲಿ ಇರುವುದನ್ನು ಒಳಬಿಡಿ, ಬೇರೆ ಸೈಟಿನ ಹೆಸರಿರುವುದನ್ನು ಮಾತ್ರ ತಡೆಯಿರಿ. ಮೂರನೆಯದು ಫೈರ್‌ವಾಲ್. ಗೂಗಲ್‌ಬಾಟ್ ಎಂದು ಹೇಳಿಕೊಂಡವರೆಲ್ಲ ಅದೇ ಅಲ್ಲ, ರಿವರ್ಸ್ ಡಿಎನ್‌ಎಸ್ ನೋಡಿ ಖಚಿತಪಡಿಸಿಕೊಂಡು ಅನುಮತಿಸಿ.

ನಾಲ್ಕನೆಯದು ವಿಳಾಸದ ಆಯುಸ್ಸು. ಕೆಲವು ಗಂಟೆಗೆ ಮುಗಿಯುವ ಸಹಿ ಹಾಕಿದ ವಿಳಾಸಗಳು ಗೂಗಲ್ ಮತ್ತೆ ಬರುವಷ್ಟರಲ್ಲಿ ಸತ್ತಿರುತ್ತವೆ. ಥಂಬ್‌ನೇಲ್ ಮತ್ತು ವಿಡಿಯೊ ಫೈಲಿಗೆ ಬದಲಾಗದ ವಿಳಾಸ ಬೇಕು. ವಿಡಿಯೊವನ್ನು ತುಂಡು ತುಂಡಾಗಿ ತರುವ ಎಚ್‌ಎಲ್‌ಎಸ್ ಪ್ಲೇಯರ್‌ಗಳಲ್ಲಿ ವಿಡಿಯೊ ಟ್ಯಾಗ್‌ನ ಸೋರ್ಸ್ ಬ್ಲಾಬ್ ಎಂದು ಶುರುವಾಗುತ್ತದೆ. ಅದು ಆ ಬ್ರೌಸರಿನೊಳಗೆ ಮಾತ್ರ ಇರುವ ವಿಳಾಸ, ಹೊರಗಿನಿಂದ ತರಲಾಗದು. ಸ್ಕೀಮಾದಲ್ಲಿ ಎಂ3ಯು8 ಅಥವಾ ಎಂಪಿ4 ಫೈಲಿನ ನಿಜ ವಿಳಾಸ ಕೊಡಿ. ಕೊನೆಯದಾಗಿ, ಒಂದೇ ಚಿತ್ರ ಪುಟದಿಂದ ಪುಟಕ್ಕೆ ಬೇರೆ ಬೇರೆ ಸಬ್‌ಡೊಮೇನಿನಿಂದ ಬರದಿರಲಿ, ಬಾಟ್ ಅದನ್ನೇ ಮತ್ತೆ ಮತ್ತೆ ತರುತ್ತಾ ಕೂರುತ್ತದೆ.

ಕೆಲವು ಫೋಟೊಗಳು ಸರ್ಚ್‌ನಲ್ಲಿ ಬರಲೇಬಾರದು. ಹೇಗೆ ತಡೆಯೋದು?

ಚಿತ್ರದ ಫೈಲಿಗೆ ಮೆಟಾ ಟ್ಯಾಗ್ ಹಾಕಲಾಗದು, ಸರ್ವರ್ ಕಳಿಸುವ ಎಕ್ಸ್-ರೋಬೋಟ್ಸ್-ಟ್ಯಾಗ್ ಹೆಡರ್‌ನಲ್ಲಿ ನೋಇಂಡೆಕ್ಸ್ ಹೇಳಿ. ಅಥವಾ ರೋಬೋಟ್ಸ್ ಫೈಲಿನಲ್ಲಿ ಗೂಗಲ್‌ಬಾಟ್-ಇಮೇಜ್‌ಗೆ ಆ ಫೋಲ್ಡರ್ ಮುಚ್ಚಿ. ಎರಡನ್ನೂ ಒಟ್ಟಿಗೆ ಮಾಡಬೇಡಿ. ಬಾಗಿಲು ಮುಚ್ಚಿದ್ದರೆ ಬಾಟ್‌ಗೆ ಹೆಡರ್ ಓದಲಾಗದು. ತುರ್ತಿದ್ದರೆ ಸರ್ಚ್ ಕನ್ಸೋಲ್‌ನ ತೆಗೆದುಹಾಕುವ ಸಲಕರಣೆ ಸುಮಾರು ಆರು ತಿಂಗಳು ಮರೆಮಾಡುತ್ತದೆ, ಅಷ್ಟರೊಳಗೆ ಮೇಲಿನದನ್ನು ಮಾಡಿ. ನಿಜಕ್ಕೂ ಖಾಸಗಿಯಾದದ್ದಕ್ಕೆ ಇವ್ಯಾವುವೂ ಸಾಲವು, ಪಾಸ್‌ವರ್ಡ್ ಬೇಕು.

ಎಲ್ಲ ಸರಿ ಮಾಡಿದ್ದೇವೆ. ಫಲ ಕಾಣ್ತಿದೆಯಾ ಅಂತ ಎಲ್ಲಿ ನೋಡೋದು?

ಸರ್ಚ್ ಕನ್ಸೋಲ್‌ನಲ್ಲಿ ಒಂದು ಪುಟದ ವಿಳಾಸ ಹಾಕಿ ಲೈವ್ ಟೆಸ್ಟ್ ಓಡಿಸಿ, ರೆಂಡರ್ ಆದ ಎಚ್‌ಟಿಎಂಎಲ್ ತೆರೆದು ನಿಮ್ಮ ಚಿತ್ರದ ಫೈಲ್ ಹೆಸರನ್ನು ಹುಡುಕಿ. ಸ್ಕ್ರೀನ್‌ಶಾಟನ್ನು ನಂಬಬೇಡಿ, ಅದು ಪುಟದ ಮೇಲ್ಭಾಗವನ್ನಷ್ಟೇ ತೋರಿಸುತ್ತದೆ. ಸ್ಕೀಮಾಕ್ಕೆ ರಿಚ್ ರಿಸಲ್ಟ್ಸ್ ಟೆಸ್ಟ್ ಇದೆ. ಪರ್ಫಾರ್ಮೆನ್ಸ್ ವರದಿಯಲ್ಲಿ ಸರ್ಚ್ ಪ್ರಕಾರವನ್ನು ವೆಬ್‌ನಿಂದ ಇಮೇಜ್‌ಗೆ, ವಿಡಿಯೊಗೆ ಬದಲಾಯಿಸಿ ನೋಡದೆ ತೀರ್ಮಾನಕ್ಕೆ ಬರಬೇಡಿ, ಎಷ್ಟೋ ಸಲ ಏರಿಕೆ ಅಲ್ಲಿ ಅಡಗಿರುತ್ತದೆ. ಪುಟದ ಬದಲಾವಣೆಗಳಿಗೆ ಕೆಲವು ದಿನ ಅಥವಾ ವಾರ, ಚಿತ್ರಗಳಿಗೆ ಅದಕ್ಕಿಂತ ಹೆಚ್ಚು ಕಾಲ ಕೊಡಿ. ಬಿಂಗ್‌ಗಾದರೆ ಇಂಡೆಕ್ಸ್‌ನೌ ಮೂಲಕ ಬದಲಾದ ವಿಳಾಸಗಳನ್ನು ಕೂಡಲೇ ತಿಳಿಸಬಹುದು, ಗೂಗಲ್ ಅದನ್ನು ಬಳಸುವುದಿಲ್ಲ.